ಪಕ್ಕದ ಮನೆ ಎಷ್ಟಕ್ಕೆ ಹೋಯಿತು?

ಇವತ್ತು ಬಂಗಾರ ಗ್ರಾಮಿಗೆ ಎಷ್ಟು ಎಂದು ಕೇಳಿ ನೋಡಿ. ನಮ್ಮ ಬೀದಿಯ ಹತ್ತು ಹೆಂಗಸರಲ್ಲಿ ಒಂಬತ್ತು ಜನ ಥಟ್ಟನೆ ಹೇಳುತ್ತಾರೆ. ತೊಗರಿಬೇಳೆ ಯಾವ ಅಂಗಡಿಯಲ್ಲಿ ಎರಡು ರೂಪಾಯಿ ಕಡಿಮೆ, ಸೇವಂತಿಗೆ ಮಾರಿಗೆ ಎಷ್ಟು, ಗ್ಯಾಸ್ ಸಿಲಿಂಡರ್ ತರುವ ಹುಡುಗ ಮೇಲೆ ಎಷ್ಟು ಕೇಳುತ್ತಾನೆ, ಎಲ್ಲವೂ ಬಾಯಿಪಾಠ. ಆದರೆ ನೀವು ಕೂತಿರುವ ಈ ಮನೆ ಇವತ್ತು ಮಾರಿದರೆ ಎಷ್ಟು ಬಂದೀತು ಎಂದು ಕೇಳಿ. "ಅಯ್ಯೋ, ಅದೆಲ್ಲ ನಮ್ಮನೆಯವರಿಗೆ ಗೊತ್ತು ಕಣ್ರೀ" ಎಂಬ ಉತ್ತರ ಬರುತ್ತದೆ. ಮನೆಯವರನ್ನು ಕೇಳಿದರೆ ಅವರೂ ಕಟಿಂಗ್ ಶಾಪಿನಲ್ಲಿ ಕೂತಾಗ ಕಿವಿಗೆ ಬಿದ್ದದ್ದನ್ನೇ ಹೇಳುತ್ತಾರೆ. "ಆ ಮೂಲೆ ಮನೆ ಕೋಟಿಗೆ ಹೋಯ್ತಂತೆ." ಯಾರು ಎಣಿಸಿದರು? ಅದು ಮಾತ್ರ ಯಾರಿಗೂ ಗೊತ್ತಿಲ್ಲ!

ಸೋದರಿಯರೇ, "ನಾವೇನು ಮನೆ ಮಾರುತ್ತೇವೆಯೆ, ಕೊಳ್ಳುತ್ತೇವೆಯೆ, ನಮಗೇಕೆ ಈ ಉಸಾಬರಿ" ಎಂದು ಪುಟ ತಿರುಗಿಸಬೇಡಿ. ಮನೆಯ ಬೆಲೆ ಬೇಕಾಗುವುದು ಮಾರುವಾಗ ಮಾತ್ರವಲ್ಲ. ಮಗನ ಓದಿಗೆ ಮನೆ ಅಡವಿಟ್ಟು ಸಾಲ ತೆಗೆಯುವಾಗ ಬೇಕು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಬೇಕು. ಭೋಗ್ಯಕ್ಕೆ ಕೊಡುವಾಗ ಎಷ್ಟು ಕೇಳಬಹುದು ಎಂದು ಅಂದಾಜು ಮಾಡಲು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಯಾರಾದರೂ ಕಾಗದ ಮುಂದಿಟ್ಟು "ಇಲ್ಲೊಂದು ಸಹಿ ಹಾಕಮ್ಮ" ಎಂದಾಗ ಬೇಕು. ಆ ಸಂಗತಿಗೆ ಆಮೇಲೆ ಬರುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಇರುವುದು ತಿಪಟೂರಿನಲ್ಲಿ. 2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಕೂತಾಗ ನಮ್ಮ ಸುತ್ತಮುತ್ತ ಮೂರು ಮನೆಗಳ ಗೇಟಿಗೆ ಒಟ್ಟೊಟ್ಟಿಗೆ "ಮಾರಾಟಕ್ಕಿದೆ" ಎಂಬ ಬೋರ್ಡು ಬಿತ್ತು. ಹಾಲಿನ ಲೆಕ್ಕದ ಪುಸ್ತಕವನ್ನು ಹಿಂಬದಿಯಿಂದ ತಿರುಗಿಸಿ ಅಂದೇ ಬರೆಯಲು ಶುರು ಮಾಡಿದೆ. ಈಗ ಅದು ಎರಡನೆಯ ಪುಸ್ತಕಕ್ಕೆ ಬಂದಿದೆ. ನಮ್ಮನೆಯವರು ಮೊದಮೊದಲು "ಏನೇ, ಸಬ್‌ರಿಜಿಸ್ಟ್ರಾರ್ ಆಗ್ತೀಯಾ?" ಎಂದು ನಗುತ್ತಿದ್ದರು. ಈಗ ಅವರ ಸ್ನೇಹಿತರು ಬಂದರೆ "ಸ್ವಲ್ಪ ಆ ಪುಸ್ತಕ ತೆಗಿ" ಎನ್ನುತ್ತಾರೆ.

ಪುಸ್ತಕದಲ್ಲಿ ಏನೇನು ಬರೆಯಬೇಕು? ಯಾವ ಬೀದಿ, ಸೈಟಿನ ಅಳತೆ ಎಷ್ಟು, ಮುಂದಿನ ರಸ್ತೆ ಎಷ್ಟು ಅಡಿ, ಮನೆ ಎಷ್ಟು ಚದರ, ಕಟ್ಟಿ ಎಷ್ಟು ವರ್ಷವಾಯಿತು, ನೀರಿಗೆ ಬೋರೋ ನಲ್ಲಿಯೋ, ಯಾವ ದಿಕ್ಕಿನ ಬಾಗಿಲು. ಇಷ್ಟು ಬರೆದಮೇಲೆ ಬೆಲೆ. ಬೆಲೆಗೆ ಒಂದು ಕಲಂ ಸಾಲದು, ಮೂರು ಬೇಕು. ಏಕೆಂದರೆ ನಮ್ಮೂರಿನಲ್ಲಿ, ನಿಮ್ಮೂರಿನಲ್ಲೂ ಅಷ್ಟೇ, ಒಂದೊಂದು ಮನೆಗೂ ಮೂರು ಬೆಲೆ ಇರುತ್ತದೆ.

ಒಂದು ಹೇಳುವ ಬೆಲೆ. ಇದು ದಲ್ಲಾಳಿಯ ಬಾಯಲ್ಲಿರುವುದು, ಮಾರುವವರ ಮನಸ್ಸಿನಲ್ಲಿರುವುದು. ಅವರಿಗೆ ಅದು ತಂದೆ ಕಟ್ಟಿಸಿದ ಮನೆ, ಮಗಳ ಆರತಿ ಆದ ಮನೆ. ಅದನ್ನೆಲ್ಲ ಸೇರಿಸಿ ಹೇಳುತ್ತಾರೆ. ತಪ್ಪೇನಿಲ್ಲ, ಆದರೆ ಕೊಳ್ಳುವವನು ಅದಕ್ಕೆ ದುಡ್ಡು ಕೊಡುವುದಿಲ್ಲ. ಆರು ತಿಂಗಳಾದರೂ ಬೋರ್ಡು ಇಳಿಯಲಿಲ್ಲವೆಂದರೆ ಆ ಬೆಲೆಯನ್ನು ಬೆಲೆ ಎಂದು ಎಣಿಸಬೇಡಿ. ನನ್ನ ಪುಸ್ತಕದಲ್ಲಿ ಹೇಳುವ ಬೆಲೆಯನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಒಂದು ಮನೆಗೆ ನಾಲ್ಕು ಸಲ ಅಳಿಸಿ ಬರೆದಿದ್ದೇನೆ, ಪ್ರತಿ ಸಲವೂ ಇಳಿಸಿಯೇ!

ಇನ್ನೊಂದು ಪತ್ರದ ಬೆಲೆ. ಕ್ರಯಪತ್ರದಲ್ಲಿ ಬರೆಸಿ ನೋಂದಣಿಯಾದ ಮೊತ್ತ. ಮೂರನೆಯದು ನಿಜವಾಗಿ ಕೈ ಬದಲಾದ ದುಡ್ಡು. ಇವೆರಡೂ ಒಂದೇ ಆಗಿರಬೇಕು. ಆದರೆ ಎಷ್ಟೋ ಕಡೆ ಸರ್ಕಾರದ ಮಾರ್ಗಸೂಚಿ ದರ ಎಷ್ಟಿದೆಯೋ ಅಷ್ಟನ್ನೇ ಪತ್ರದಲ್ಲಿ ಬರೆಸಿ, ಉಳಿದದ್ದನ್ನು ಚೀಲದಲ್ಲಿ ಕೊಡುವ ಅಭ್ಯಾಸ ಬಹಳ ವರ್ಷದಿಂದ ಇದೆ. ಇದು ಕಾನೂನಿಗೆ ವಿರುದ್ಧ. 2015ರ ಜೂನ್ 1ರಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದರೆ ಪಡೆದಷ್ಟೇ ದಂಡ. ಅದೂ ಅಲ್ಲದೆ ಕೊಂಡವರಿಗೂ ಮುಂದೆ ತೊಂದರೆ. ಪತ್ರದಲ್ಲಿ ಕಡಿಮೆ ಬರೆಸಿಕೊಂಡವರು ನಾಳೆ ಪೂರ್ತಿ ಬೆಲೆಗೆ ಮಾರಿದರೆ ಲಾಭ ಉಬ್ಬಿ ಕಾಣುತ್ತದೆ, ತೆರಿಗೆಯೂ ಅದರ ಮೇಲೆಯೇ. ನಾನು ಉಪದೇಶ ಮಾಡಲು ಹೊರಟಿಲ್ಲ, ಬೆಲೆ ತಿಳಿಯುವ ವಿಷಯಕ್ಕೆ ಬರುತ್ತೇನೆ. ಪತ್ರದ ಬೆಲೆಯನ್ನು ನೋಡುವಾಗ ಕೊಂಡವರು ಬ್ಯಾಂಕ್ ಸಾಲ ತೆಗೆದಿದ್ದಾರೆಯೇ ಎಂದು ನೋಡಿ. ಸಾಲ ಬೇಕಾದವರು ಪತ್ರದಲ್ಲಿ ಕಡಿಮೆ ಬರೆಸಿದರೆ ಬ್ಯಾಂಕಿನವರು ಸಾಲವನ್ನೂ ಕಡಿಮೆ ಮಾಡುತ್ತಾರೆ. ಆದ್ದರಿಂದ ಸಾಲದ ಮೇಲೆ ಕೊಂಡ ಮನೆಯ ಪತ್ರದ ಬೆಲೆ ನಿಜಕ್ಕೆ ಹತ್ತಿರ. ಮೇಷ್ಟ್ರು, ಬ್ಯಾಂಕಿನವರು, ಆಸ್ಪತ್ರೆಯ ನರ್ಸಮ್ಮ ಇಂಥ ಸಂಬಳದವರು ಕೊಂಡ ಮನೆಗಳ ಮುಂದೆ ನನ್ನ ಪುಸ್ತಕದಲ್ಲಿ ಒಂದು ಚುಕ್ಕೆ ಇಟ್ಟಿರುತ್ತೇನೆ. ನಂಬಬಹುದಾದ ಬೆಲೆ ಎಂದು ಅದರ ಅರ್ಥ.

ಪತ್ರದ ಬೆಲೆ ನಮಗೆ ಹೇಗೆ ಸಿಗುತ್ತದೆ ಎಂದು ಕೇಳುತ್ತೀರಿ ಅಲ್ಲವೆ? ಋಣಭಾರ ಪ್ರಮಾಣಪತ್ರ, ನಾವೆಲ್ಲ ಇ.ಸಿ. ಎನ್ನುತ್ತೇವಲ್ಲ, ಅದರಲ್ಲಿ. ಸಾಲಕ್ಕೆ ಬ್ಯಾಂಕಿನವರು ಕೇಳಿದಾಗ ಮಾತ್ರ ತರುವ ಕಾಗದ ಎಂದು ಬಹಳ ಜನ ತಿಳಿದಿದ್ದಾರೆ. ಅದರಲ್ಲಿ ಎರಡು ಬಗೆ. ನೀವು ಕೇಳಿದ ಅವಧಿಯಲ್ಲಿ ಆ ಆಸ್ತಿಯ ಮೇಲೆ ಯಾವ ವ್ಯವಹಾರವೂ ನಡೆದಿಲ್ಲವಾದರೆ ನಮೂನೆ 16 ಬರುತ್ತದೆ. ನಡೆದಿದ್ದರೆ ನಮೂನೆ 15. ಅದರಲ್ಲಿ ಆಸ್ತಿಯ ವಿವರ, ಚಕ್ಕುಬಂದಿ, ಪತ್ರ ಬರೆದುಕೊಟ್ಟವರು, ಬರೆಸಿಕೊಂಡವರು, ತಾರೀಖು, ಯಾವ ಬಗೆಯ ಪತ್ರ, ಎಷ್ಟು ಮೊತ್ತ ಎಲ್ಲವೂ ಇರುತ್ತದೆ. ಮೊತ್ತದ ಜಾಗದಲ್ಲಿ ಎರಡು ಅಂಕಿ ಕಂಡರೆ ಗಾಬರಿ ಬೇಡ, ಒಂದು ಸರ್ಕಾರದ ಲೆಕ್ಕದ ಮೌಲ್ಯ, ಇನ್ನೊಂದು ಪತ್ರದಲ್ಲಿ ಬರೆದ ಕ್ರಯದ ಹಣ. ನಮಗೆ ಬೇಕಾದದ್ದು ಎರಡನೆಯದು.

ಇದನ್ನು ಕೇಳಿ ಪಡೆಯುವುದು ಕದ್ದು ನೋಡಿದಂತೆ ಅಲ್ಲವೇ ಎಂದು ನನ್ನ ನಾದಿನಿ ಕೇಳಿದಳು. ಅಲ್ಲ. 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ಸ್ಥಿರಾಸ್ತಿ ಪತ್ರಗಳನ್ನು ದಾಖಲು ಮಾಡುವ ಪುಸ್ತಕವನ್ನು ಶುಲ್ಕ ಕಟ್ಟಿ ಅರ್ಜಿ ಕೊಟ್ಟ ಯಾರು ಬೇಕಾದರೂ ನೋಡಬಹುದು. ನೋಂದಣಿ ಎಂಬುದೇ ನಾಲ್ಕು ಜನಕ್ಕೆ ತಿಳಿಯಲಿ ಎಂದು ಮಾಡಿದ ಏರ್ಪಾಡು. ನಮ್ಮ ರಾಜ್ಯದಲ್ಲಿ ಈಗ ಕಾವೇರಿ ಎಂಬ ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಿ ಹಣ ಕಟ್ಟಿದರೆ ಮನೆಯಲ್ಲೇ ಇ.ಸಿ. ಸಿಗುತ್ತದೆ. ಕಂಪ್ಯೂಟರಿನಲ್ಲಿ ಇರುವುದು 2004ರಿಂದ ಈಚಿನ ವ್ಯವಹಾರ, ಅದಕ್ಕೂ ಹಿಂದಿನದು ಬೇಕಾದರೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಮೊಬೈಲ್ ಕೈಯಲ್ಲಿ ಹಿಡಿದು ರೀಲ್ಸ್ ನೋಡುವ ಮಕ್ಕಳಿಗೆ ಒಂದು ದಿನ ಈ ಕೆಲಸ ಹಚ್ಚಿ. ನಮ್ಮ ಮಗಳು ಮೊದಲ ಸಲ ತೆಗೆದುಕೊಟ್ಟಳು, ಈಗ ನಾನೇ ತೆಗೆಯುತ್ತೇನೆ.

ಅದೇ ಜಾಲತಾಣದಲ್ಲಿ ನಿಮ್ಮ ಬೀದಿಯ ಮಾರ್ಗಸೂಚಿ ದರವನ್ನೂ ನೋಡಬಹುದು. ಇದು ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಲು ಸರ್ಕಾರ ಇಟ್ಟುಕೊಂಡ ಕನಿಷ್ಠ ಲೆಕ್ಕ, ಮಾರುಕಟ್ಟೆ ಬೆಲೆಯಲ್ಲ. ಇವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಈ ದರಗಳನ್ನು ಏರಿಸಿದರು. ಅಂದರೆ 2022ರ ಪತ್ರದ ಬೆಲೆಯನ್ನೂ 2024ರ ಪತ್ರದ ಬೆಲೆಯನ್ನೂ ಪಕ್ಕಪಕ್ಕ ಇಟ್ಟು "ಅಬ್ಬ, ಎಷ್ಟು ಏರಿದೆ!" ಎಂದುಕೊಳ್ಳಬೇಡಿ. ಏರಿದ್ದು ಮನೆಯ ಬೆಲೆಯೋ ಬರೆಸಲೇಬೇಕಾದ ಕನಿಷ್ಠ ಮೊತ್ತವೋ ನೋಡಬೇಕು. ನಮ್ಮ ಬೀದಿಯಲ್ಲಿ ಅಂಥ ಎರಡು ಮನೆ ಇವೆ. ಕೈ ಬದಲಾದ ದುಡ್ಡಿನಲ್ಲಿ ಹೆಚ್ಚು ಅಂತರವಿಲ್ಲ, ಪತ್ರದಲ್ಲಿ ಮಾತ್ರ ಲಕ್ಷಗಟ್ಟಲೆ ವ್ಯತ್ಯಾಸ.

ಕೈ ಬದಲಾದ ದುಡ್ಡು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಅರಿಶಿನ ಕುಂಕುಮಕ್ಕೆ ಕರೆದಾಗ, ಹಪ್ಪಳ ಒತ್ತುವಾಗ, ನಲ್ಲಿಯ ಹತ್ತಿರ, ಹೆಂಗಸರ ಮುಂದೆ ಉಳಿಯುವ ಗುಟ್ಟು ಎಷ್ಟು! ಮನೆ ಮಾರಿದವರು ಒಂದು ವರ್ಷ ಹೇಳುವುದಿಲ್ಲ, ಆಮೇಲೆ ತಾವಾಗಿಯೇ ಹೇಳುತ್ತಾರೆ. ಬೆಲೆ ಚೆನ್ನಾಗಿ ಬಂದಿದ್ದರೆ ಹೆಮ್ಮೆಗೆ, ಬರದಿದ್ದರೆ ಸಂಕಟಕ್ಕೆ.

ಇನ್ನೊಂದು ದಾರಿ ಬಹಳ ಜನ ಗಮನಿಸುವುದಿಲ್ಲ. ಸಾಲ ತೀರಿಸದವರ ಮನೆಗಳನ್ನು ಬ್ಯಾಂಕುಗಳು ಹರಾಜು ಹಾಕುತ್ತವಲ್ಲ, ಅದಕ್ಕೆ ಪತ್ರಿಕೆಯಲ್ಲಿ ನೋಟೀಸು ಕೊಡಬೇಕು, ಅದರಲ್ಲೊಂದು ಪ್ರಾದೇಶಿಕ ಭಾಷೆಯ ಪತ್ರಿಕೆ ಆಗಿರಬೇಕೆಂದು ನಿಯಮ. ಸಣ್ಣ ಅಕ್ಷರದ ಆ ನೋಟೀಸಿನಲ್ಲಿ ಸೈಟಿನ ಅಳತೆ, ಚಕ್ಕುಬಂದಿ, ಮೀಸಲು ಬೆಲೆ ಎಲ್ಲ ಇರುತ್ತದೆ. ಹರಾಜಿನ ಬೆಲೆ ಸಾಮಾನ್ಯವಾಗಿ ಪೇಟೆ ಬೆಲೆಗಿಂತ ಕೆಳಗೇ ಇರುವುದರಿಂದ ಅದನ್ನು ತಳ ಎಂದು ಇಟ್ಟುಕೊಳ್ಳಬಹುದು. ಓದುವಾಗ ಹೊಟ್ಟೆ ಚುರುಕ್ ಎನ್ನುತ್ತದೆ, ಯಾರದೋ ಮನೆ ಅದು. ಆದರೂ ಕತ್ತರಿಸಿ ಇಡುತ್ತೇನೆ.

ಇನ್ನು ಲೆಕ್ಕಕ್ಕೆ ಬರೋಣ. "ಆ ಮನೆ 46 ಲಕ್ಷಕ್ಕೆ ಹೋಯಿತು, ನಮ್ಮದೂ ಅಷ್ಟಾಗುತ್ತದೆ" ಎನ್ನುವ ಮಾತು ಸರಿಯಲ್ಲ. ನೆಲ ಬೇರೆ, ಕಟ್ಟಡ ಬೇರೆ. ನೆಲದ ಬೆಲೆ ಏರಬಹುದು, ಕಟ್ಟಡದ ಬೆಲೆ ಪ್ರತಿ ಮಳೆಗಾಲಕ್ಕೂ ಇಳಿಯುತ್ತದೆ. ಉದಾಹರಣೆಗೆ ಮೂವತ್ತು ನಲವತ್ತರ ಸೈಟು, ಅಂದರೆ 1,200 ಚದರ ಅಡಿ. ಅದರಲ್ಲಿ ಹತ್ತು ಚದರದ ಆರ್‌ಸಿಸಿ ಮನೆ, ಇಪ್ಪತ್ತೈದು ವರ್ಷ ಹಳೆಯದು. ಹೊಸದಾಗಿ ಕಟ್ಟಿಸಿದರೆ ಚದರಕ್ಕೆ ಎರಡು ಲಕ್ಷವೆಂದು ನಮ್ಮ ಮೇಸ್ತ್ರಿ ಹೇಳುತ್ತಾರೆ. ಹಾಗಾದರೆ ಹೊಸ ಮನೆಗೆ 20 ಲಕ್ಷ, ಹಳೆಯದಾದ್ದರಿಂದ ಅರ್ಧ ಹಿಡಿಯೋಣ, 10 ಲಕ್ಷ. 46ರಲ್ಲಿ 10 ಕಳೆದರೆ ನೆಲಕ್ಕೆ ಬಂದದ್ದು 36 ಲಕ್ಷ. 1,200ರಿಂದ ಭಾಗಿಸಿ. ಅಡಿಗೆ 3,000 ರೂಪಾಯಿ. ಈ 3,000 ಎಂಬ ಅಂಕಿಯನ್ನೇ ಬರೆದಿಡಬೇಕು, 46 ಲಕ್ಷವನ್ನಲ್ಲ. ಆಗ ಮಾತ್ರ ಒಂದು ಮನೆಯನ್ನು ಇನ್ನೊಂದರ ಜೊತೆ ಹೋಲಿಸಲು ಬರುತ್ತದೆ. ಹಳ್ಳಿಯ ಕಡೆಯವರು ಗುಂಟೆ ಲೆಕ್ಕದಲ್ಲಿ ಹೇಳಿದರೆ ಒಂದು ಗುಂಟೆಗೆ 1,089 ಚದರ ಅಡಿ ಎಂದು ನೆನಪಿಡಿ.

ಸೇರಿಸಬಾರದ ಬೆಲೆಗಳೂ ಇವೆ. ಅಣ್ಣ ತಮ್ಮನಿಗೆ, ಮಾವ ಅಳಿಯನಿಗೆ ಮಾರಿದ್ದನ್ನು ನಾನು ಬರೆದುಕೊಳ್ಳುತ್ತೇನೆ, ಲೆಕ್ಕಕ್ಕೆ ಸೇರಿಸುವುದಿಲ್ಲ. ಆಸ್ಪತ್ರೆ ಖರ್ಚಿಗೋ ಸಾಲಗಾರರ ಕಾಟಕ್ಕೋ ವಾರದೊಳಗೆ ಮಾರಿದ್ದೂ ಅಷ್ಟೇ. ಪಕ್ಕದ ಮನೆಯವನೇ ಎರಡು ಸೈಟು ಒಂದಾಗಲಿ ಎಂದು ಆಸೆಯಿಂದ ಕೊಂಡದ್ದು ಇನ್ನೊಂದು ತುದಿ, ಅವನು ಹೆಚ್ಚೇ ಕೊಟ್ಟಿರುತ್ತಾನೆ. ದಕ್ಷಿಣದ ಬಾಗಿಲು ಎಂದರೆ ಒಳ್ಳೆಯ ಮನೆಗೂ ಜನ ಮೂಗು ಮುರಿಯುತ್ತಾರೆ. (ನಮ್ಮದೂ ದಕ್ಷಿಣದ ಬಾಗಿಲೇ, ಏನೂ ಆಗಿಲ್ಲ. ಆದರೆ ಮಾರುವ ದಿನ ಐದಾರು ಲಕ್ಷ ಬಿಡಬೇಕಾದೀತೆಂದು ಮನಸ್ಸಿನಲ್ಲಿದೆ.) ನಗರಸಭೆಯ ಸರಿಯಾದ ಖಾತೆ ಇರುವ ಮನೆಗೂ ಇಲ್ಲದ ಮನೆಗೂ ಹೋಲಿಕೆ ಮಾಡಲೇಬಾರದು. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ ಬೇಕೇಬೇಕು ಎಂದಮೇಲೆ ಆ ಅಂತರ ಇನ್ನೂ ಹೆಚ್ಚಾಗಿದೆ. ಕಾಗದ ಸಿದ್ಧವಿರುವ ಮನೆಗೆ ಜನ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ, ಇಲ್ಲದ್ದನ್ನು ನೋಡಲು ಕೂಡ ಬರುವುದಿಲ್ಲ.

ಒಂದು ಬೀದಿಯಲ್ಲಿ ವರ್ಷಕ್ಕೆ ಎಷ್ಟು ಮನೆ ಮಾರಾಟವಾದೀತು? ಒಂದೋ ಎರಡೋ. ಕೆಲವು ವರ್ಷ ಒಂದೂ ಇಲ್ಲ. ಬೆಂಗಳೂರಿನಂಥ ದೊಡ್ಡ ನಗರಗಳಿಗೆ ರಿಸರ್ವ್ ಬ್ಯಾಂಕಿನವರು ನೋಂದಣಿ ದಾಖಲೆಗಳನ್ನು ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಮನೆ ಬೆಲೆ ಸೂಚ್ಯಂಕ ಪ್ರಕಟಿಸುತ್ತಾರೆ. ನಮ್ಮಂಥ ಊರಿಗೆ ಅದನ್ನು ಯಾರು ಮಾಡಿಕೊಡುತ್ತಾರೆ? ಅದಕ್ಕೇ ನಾನು ಸುತ್ತಿನ ಏಳೆಂಟು ಬೀದಿಗಳನ್ನು ಸೇರಿಸಿಕೊಂಡಿದ್ದೇನೆ. ವರ್ಷಕ್ಕೆ ಎಂಟು ಹತ್ತು ಸಿಗುತ್ತದೆ. ಅದರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯುತ್ತೇನೆ. ಕೋಟಿಗೆ ಹೋಯಿತೆಂದು ಊರೆಲ್ಲ ಮಾತಾಡುವ ಮನೆ ಹೀಗೆ ಬಿಟ್ಟವುಗಳಲ್ಲೇ ಇರುತ್ತದೆ.

ಈಗ ಏರುತ್ತದೆಯೋ ಇಳಿಯುತ್ತದೆಯೋ ಎಂದು ಕೇಳಿದರೆ ನಮ್ಮೂರಲ್ಲಿ ಮೊದಲು ಕೊಬ್ಬರಿ ನೋಡಬೇಕು. ಹೊರಗಿನವರಿಗೆ ಇದು ವಿಚಿತ್ರ ಎನ್ನಿಸಬಹುದು. ತಿಪಟೂರಿನ ಉಂಡೆ ಕೊಬ್ಬರಿ ಎಂದರೆ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕಾಯಿ ಒಣಗಬೇಕು, ಆಮೇಲೆ ಸುಲಿದು ಮಾರಬೇಕು. 2023ರಲ್ಲಿ ಕ್ವಿಂಟಾಲಿಗೆ ಬೆಂಬಲ ಬೆಲೆ 11,750 ರೂಪಾಯಿ ಇದ್ದರೂ ಪೇಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಬಿತ್ತು, ರೈತರು ಬೀದಿಗಿಳಿದರು. ಆ ವರ್ಷ ನನ್ನ ಪುಸ್ತಕದಲ್ಲಿ ಪೆನ್ಸಿಲ್ಲಿನ ಬರಹವೇ ಹೆಚ್ಚು, ಶಾಯಿಯ ಬರಹ ಕಡಿಮೆ. ಬೋರ್ಡುಗಳು ಬಿಸಿಲಿಗೆ ಬಣ್ಣ ಹೋಗಿ ನೇತಾಡುತ್ತಿದ್ದವು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಕಾಯಿ ಉಳಿಸಿಕೊಂಡಿದ್ದವರು ಮಕ್ಕಳ ಓದಿಗೆಂದು ಊರಲ್ಲಿ ಸೈಟು ಮನೆ ಹುಡುಕಿಕೊಂಡು ಬಂದರು. ಆದರೆ ಫಸಲು ಕಡಿಮೆಯಾಗಿಯೇ ಬೆಲೆ ಏರಿದ್ದಾದ್ದರಿಂದ ಎಲ್ಲರ ಅಟ್ಟದಲ್ಲೂ ಕಾಯಿ ಇರಲಿಲ್ಲ. ಹಾಗಾಗಿ ಮನೆ ಬೆಲೆ ಕೊಬ್ಬರಿಯಂತೆ ಎರಡರಷ್ಟೇನೂ ಆಗಲಿಲ್ಲ. ನಿಮ್ಮೂರಲ್ಲಿ ಅಡಿಕೆಯೋ ಹತ್ತಿಯೋ ಕಬ್ಬೋ ಇರಬಹುದು. ಅದರ ಧಾರಣೆಯನ್ನೂ ಅದೇ ಪುಸ್ತಕದ ಅಂಚಿನಲ್ಲಿ ಬರೆಯುತ್ತಾ ಬನ್ನಿ.

ಇದಲ್ಲದೆ ಬಡ್ಡಿ. ರಿಸರ್ವ್ ಬ್ಯಾಂಕಿನ ರೆಪೋ ದರ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ 4ರಿಂದ 6.5ಕ್ಕೆ ಏರಿತು, 2025ರಲ್ಲಿ ಹಂತಹಂತವಾಗಿ ಇಳಿದು ಡಿಸೆಂಬರಿನಲ್ಲಿ 5.25ಕ್ಕೆ ಬಂತು. ಇಪ್ಪತ್ತು ಲಕ್ಷದ ಸಾಲ, ಇಪ್ಪತ್ತು ವರ್ಷಕ್ಕೆ ಎಂದಿಟ್ಟುಕೊಳ್ಳಿ. ಬಡ್ಡಿ 9 ಇದ್ದರೆ ತಿಂಗಳ ಕಂತು ಸುಮಾರು 18,000, 8 ಆದರೆ ಸುಮಾರು 16,700. ತಿಂಗಳಿಗೆ ಸಾವಿರದ ಮುನ್ನೂರು ಎಂದರೆ ಸಂಬಳದವರ ಮನೆಯಲ್ಲಿ ಹಾಲಿನ ಬಿಲ್ಲು. ಕೊಳ್ಳಬೇಕೋ ಬೇಡವೋ ಎನ್ನುವುದು ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ತಾರೀಖಿನ ವಿಷಯ ಒಂದು ಮಾತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2 ಆಯಿತು. ಆ ಆಗಸ್ಟಿನಲ್ಲಿ ನಮ್ಮ ಸುತ್ತ ಮೂರು ಪತ್ರ ಆದವು. "ಬೆಲೆ ಏರ್ತಿದೆ, ಎಲ್ರೂ ಕೊಳ್ತಿದಾರೆ" ಎಂದು ದಲ್ಲಾಳಿ ಹೇಳಿಕೊಂಡು ತಿರುಗಿದ. ವಿಚಾರಿಸಿದರೆ ಮೂರಕ್ಕೂ ಮಾತುಕತೆ ಮುಗಿದು ಮುಂಗಡ ಕೊಟ್ಟು ನಾಲ್ಕೈದು ತಿಂಗಳಾಗಿತ್ತು, ಶುಲ್ಕ ಉಳಿಯಲಿ ಎಂದು ಓಡಿಹೋಗಿ ನೋಂದಣಿ ಮಾಡಿಸಿದ್ದರು ಅಷ್ಟೆ. ಪತ್ರದ ತಾರೀಖು ಬೆಲೆ ನಿಂತ ತಾರೀಖಲ್ಲ. ಸಾಧ್ಯವಾದರೆ ಕರಾರು ಆದ ತಿಂಗಳು ಕೇಳಿ ಬರೆದುಕೊಳ್ಳಿ. ಹಾಗೆಯೇ ಕೊಳ್ಳುವವರು ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಊರೊಳಗಿನ ಮನೆಗೆ ಮುದ್ರಾಂಕ ಶುಲ್ಕ 5, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿ 5.6, ನೋಂದಣಿ 2, ಒಟ್ಟು ನೂರಕ್ಕೆ 7 ರೂಪಾಯಿ 60 ಪೈಸೆ. 46 ಲಕ್ಷದ ಮನೆಗೆ ಇದೇ 3,49,600 ರೂಪಾಯಿ.

ಈಗ ಮೊದಲು ಹೇಳಿದ ಸಹಿಯ ಸಂಗತಿ. ನಮ್ಮ ಹಿಂದಿನ ಬೀದಿಯಲ್ಲಿ ನನಗಿಂತ ಹಿರಿಯರಾದ ಅಕ್ಕ ಒಬ್ಬರಿದ್ದಾರೆ. ಅವರ ತವರೂ ಇದೇ ಊರು. ತಂದೆ ಸ್ವಂತ ದುಡಿಮೆಯಿಂದ ತೆಗೆದ ನಲವತ್ತು ಅರವತ್ತರ ಸೈಟಿನಲ್ಲಿ ಹೆಂಚಿನ ಮನೆ. ವಿಲ್ ಬರೆಯದೆ ತೀರಿಕೊಂಡರು. ತಾಯಿ ಇದ್ದಾರೆ, ಇಬ್ಬರು ಅಣ್ಣಂದಿರು, ಈಕೆ. ಒಂದು ದಿನ ದೊಡ್ಡಣ್ಣ ಹಣ್ಣು ಹೂವು ತಂದು, ಹಕ್ಕು ಬಿಡುಗಡೆ ಪತ್ರದ ಕರಡು ತೋರಿಸಿ, "ನಿನ್ನ ಅರಿಶಿನ ಕುಂಕುಮಕ್ಕೆ ಅಂತ ಮೂರು ಲಕ್ಷ ಕೊಡ್ತೀವಿ, ಸೋಮವಾರ ಬಂದು ಒಂದು ಸಹಿ ಹಾಕ್ಬಿಡು" ಎಂದರಂತೆ. ಆಕೆ ನನ್ನ ಹತ್ತಿರ ಬಂದು, "ಮೂರು ಲಕ್ಷ ಜಾಸ್ತೀನೇ ಅಲ್ವೇನೇ? ನಮ್ಮತ್ತೆಗೆ ಅವರ ತವರಿಂದ ಒಂದು ರೇಷ್ಮೆ ಸೀರೆ ಬಿಟ್ರೆ ಏನೂ ಬರ್ಲಿಲ್ಲ" ಎಂದರು.

ಕಾನೂನು ಸ್ಪಷ್ಟವಾಗಿದೆ. ತಂದೆಯ ಸ್ವಂತ ಗಳಿಕೆಯಾಗಿದ್ದು ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಹೆಂಡತಿಗೂ ಮಕ್ಕಳಿಗೂ, ಗಂಡಾಗಲಿ ಹೆಣ್ಣಾಗಲಿ, ಸಮಪಾಲು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ದೇಶಕ್ಕೆಲ್ಲ ಬಂದದ್ದು 2005ರಲ್ಲಿ, ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲೇ 1994ರಲ್ಲಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಕೊಟ್ಟಿದ್ದರು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಅವರ ಪ್ರಕರಣದಲ್ಲಿ ಹೇಳಿತು. ಇದನ್ನೆಲ್ಲ ಆಕೆಗೆ ಹೇಳಲು ವಕೀಲರಿದ್ದಾರೆ. ಆದರೆ ನಾಲ್ಕನೆಯ ಒಂದು ಪಾಲು ಎಂದರೆ ಎಷ್ಟು ರೂಪಾಯಿ? ಅದನ್ನು ಕಾನೂನು ಹೇಳುವುದಿಲ್ಲ.

ಪುಸ್ತಕ ತೆಗೆದೆವು. ಆ ಮನೆಯ ಸುತ್ತ ಹಿಂದಿನ ಎರಡು ವರ್ಷದಲ್ಲಿ ಲೆಕ್ಕಕ್ಕೆ ಸೇರಿಸಬಹುದಾದ ಮೂರು ವ್ಯವಹಾರ ಇದ್ದವು. ನೆಲಕ್ಕೆ ಅಡಿಗೆ 2,700, 3,000, 3,100. ದೊಡ್ಡ ಸೈಟಿಗೆ ಅಡಿ ಬೆಲೆ ಸ್ವಲ್ಪ ಕಡಿಮೆಯೇ ಸಿಗುವುದರಿಂದ ಕೆಳಗಿನದನ್ನೇ ಹಿಡಿದೆವು. ಹೆಂಚಿನ ಮನೆಗೆ ಒಂದು ರೂಪಾಯಿಯನ್ನೂ ಹಾಕಲಿಲ್ಲ. 2,400 ಅಡಿಗೆ 2,700ರಂತೆ 64,80,000. ನಾಲ್ಕರಲ್ಲಿ ಒಂದು ಪಾಲು 16,20,000. ಆಕೆ ಎರಡು ಸಲ ಗುಣಾಕಾರ ಮಾಡಿಸಿದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. "ನಂಗೆ ತವರಿನ ಬಾಗ್ಲು ಬೇಕು ಕಣೇ" ಎಂದರು.

ನಾನು ಇಂತಿಷ್ಟು ಕೇಳಿ ಎಂದು ಹೇಳಲಿಲ್ಲ. ಅದು ಹೇಳುವ ಮಾತಲ್ಲ. ಆಕೆ ಸೋಮವಾರ ಹೋಗಲಿಲ್ಲ, ತಾಯಿಯ ಮುಂದೆ ಕೂತು ಆ ಕಾಗದ ತೋರಿಸಿದರು. ದೊಡ್ಡಣ್ಣ, "ಯಾರು ಹೇಳಿಕೊಟ್ರು ನಿನಗೆ ಇದನ್ನೆಲ್ಲ?" ಎಂದರಂತೆ. ಎರಡು ತಿಂಗಳು ಮಾತು ನಡೆಯಿತು. ದಲ್ಲಾಳಿಯೊಬ್ಬನನ್ನು ಕರೆಸಿ 1,800 ಎಂದು ಹೇಳಿಸಿದರು. ಆಕೆ ಇ.ಸಿ.ಯ ಪ್ರತಿಗಳನ್ನು ಮುಂದಿಟ್ಟರು, ಪತ್ರದಲ್ಲಿ ಬರೆದದ್ದೇ ಅದಕ್ಕಿಂತ ಹೆಚ್ಚಿತ್ತು. ಕಡೆಗೆ 12 ಲಕ್ಷಕ್ಕೆ ಒಪ್ಪಿದರು. ದುಡ್ಡು ಆಕೆಯ ಹೆಸರಿನ ಖಾತೆಗೆ ಬಂದಮೇಲೆ ಸಹಿ. ನಾಲ್ಕು ಲಕ್ಷ ಚಿಲ್ಲರೆ ಬಿಟ್ಟದ್ದು ಆಕೆಗೆ ಗೊತ್ತು, ಗೊತ್ತಿದ್ದೇ ಬಿಟ್ಟರು. ಚಿಕ್ಕಣ್ಣ ಎಂದಿನಂತೆ ಇದ್ದಾರೆ. ದೊಡ್ಡಣ್ಣನ ಮನೆಯಿಂದ ಆ ವರ್ಷ ಗೌರಿ ಬಾಗಿನ ತಾಯಿಯ ಕೈಯಲ್ಲಿ ಬಂತು, ಅತ್ತಿಗೆ ಬರಲಿಲ್ಲ.

ಇಂಥ ಪತ್ರಕ್ಕೆ ಸಹಿ ಹಾಕಿ ನೋಂದಣಿಯಾದ ಮೇಲೆ ಹಿಂದಕ್ಕೆ ಪಡೆಯುವುದು ಕೋರ್ಟು ಕಚೇರಿಯ ಕೆಲಸ, ವರ್ಷಗಟ್ಟಲೆ. ಆದ್ದರಿಂದ "ಸೋಮವಾರವೇ ಆಗಬೇಕು" ಎಂದು ಅವಸರ ಮಾಡಿದರೆ, ಒಂದು ತಿಂಗಳು ಸಮಯ ಕೇಳಿ. ಹಿಂದೂ ಅಲ್ಲದ ಸೋದರಿಯರಿಗೆ ಪಾಲಿನ ಲೆಕ್ಕ ಬೇರೆ ಕಾನೂನಿನಂತೆ ನಡೆಯುತ್ತದೆ, ಅದನ್ನು ವಕೀಲರಲ್ಲಿ ಕೇಳಿ. ಬೆಲೆಯ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ.

ಹಿಂದೊಮ್ಮೆ ನಾನು ಈ ಪುಸ್ತಕದ ವಿಷಯ ಎರಡು ಸಾಲು ಬರೆದಾಗ, ಹಳ್ಳಿಯ ಸೋದರಿಯೊಬ್ಬರು ತಮ್ಮ ಮನೆ ಪಂಚಾಯ್ತಿ ವ್ಯಾಪ್ತಿಯಲ್ಲಿದೆ, ಅದನ್ನು ಹೋಲಿಸುವುದು ಹೇಗೆ ಎಂದು ಕೇಳಿದ್ದರು. ಪಂಚಾಯ್ತಿಯಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11 ಕೊಡುತ್ತಾರೆ. 11ಬಿ ಇರುವ ಮನೆಯನ್ನು 11ಬಿ ಇರುವ ಮನೆಯ ಜೊತೆಯಲ್ಲೇ ಹೋಲಿಸಿ, ಬೇರೆಯದರ ಜೊತೆ ಬೇಡ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಸಿ.ಟಿ.ಎಸ್. ಉತಾರ ಇರುತ್ತದೆ. ಇ.ಸಿ.ಗೆ ಅರ್ಜಿ ಹಾಕುವಾಗ ಆ ನಂಬರು ಸರಿಯಾಗಿರಲಿ, ಒಂದು ಅಂಕಿ ತಪ್ಪಿದರೂ ಬೇರೆಯವರ ಮನೆಯ ಚರಿತ್ರೆ ಬರುತ್ತದೆ!

ನಿಮ್ಮ ಬೀದಿಯಲ್ಲಿ ಅಡಿಗೆ ಎಷ್ಟು ಬಂತೆಂದು ಲೆಕ್ಕ ಹಾಕಿದವರು ಸಂಪಾದಕರ ವಿಳಾಸಕ್ಕೆ ಬರೆಯಿರಿ. ಊರು, ಸೈಟಿನ ಅಳತೆ, ತಿಂಗಳು ಇಷ್ಟು ಸಾಕು. ಮಾರಿದವರ ಹೆಸರು, ಮನೆ ನಂಬರು ಬೇಡ.